ಫರ್ಸಿ, ಆರು ವರ್ಷ

ಮೊನ್ನೆ ಕುರಕುಂಟಾದಿಂದ ಒಬ್ಬ ಹುಡುಗಿ ಅಪ್ಪನ ಜೊತೆ ಸೇಡಂನ ನಮ್ಮ ಮನೆಗೆ ಬಂದಿದ್ದಳು. ಹೊರದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳಲ್ಲಿ ದುಡಿಯುವ ನೌಕರಿಗೆ ಆಯ್ಕೆಯಾಗಿದ್ದಾಳೆ. ಅವರ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ಇವಳೇ ಮೊದಲು. ಅಪ್ಪ ಕೂಲಿ ಮಾಡುವ ಮನುಷ್ಯ. ಕುರ್ಚಿ ತೋರಿಸಿದರೂ ಬಾಗಿಲ ಹತ್ತಿರ ನೆಲದ ಫರ್ಸಿ ಕಲ್ಲಿನ ಮೇಲೇ ಕುಂತ.

"ಸಾಹೇಬ್ರ, ಇಕಿಗಿ ಒಂದೀಟು ತಿಳಿಸಿ ಹೇಳ್ರಿ. ಈ ಕೆಲಸದಾಗ ಏನ್ ಮಾಡಬೇಕಾಗ್ತದ?"

"ಕುರ್ಚಿ ಮ್ಯಾಲ ಕುಂದ್ರಬೇಕಾಗ್ತದ," ಅಂದೆ. "ಅದು ಭಾಳ ತ್ರಾಸಿನ ಕೆಲಸ. ಮೊದಲ ನೀವು ಕುಂತು ತೋರಸ್ರಿ, ಅಕಿ ನೋಡಿ ಕಲೀತಾಳ."

ಆತ ನಕ್ಕು, ಕುರ್ಚಿಯ ಅಂಚಿಗೆ ಪಕ್ಷಿಯ ಹಾಗೆ ಕೂತ. ಹುಡುಗಿ ಕೇಳಿದಳು: "ಸರ್, ನೀವು ಅಂಬಾಸಿಡರ್ ಇದ್ರಂತಲ್ರಿ?"

ಈ ಸುದ್ದಿ ಹಬ್ಬಿಸಿದ್ದು ವಾಡಿ ಸ್ಟೇಷನ್ನಿನ ಚಹಾದಂಗಡಿಯವರು. ನಮ್ಮ ಕಡೆ ಅಂಬಾಸಿಡರ್ ಅಂದರೆ ಮೊದಲಿಂದಲೂ ಕಾರು. ಆ ಕಾರು ಕಾಣೆಯಾದ ಮೇಲೆ ಹೆಸರು ಖಾಲಿ ಉಳಿದಿತ್ತು, ನನಗೆ ಕೊಟ್ಟರು. ನಾನು ಕಾರೂ ಅಲ್ಲ, ರಾಯಭಾರಿಯೂ ಅಲ್ಲ. ರಾಯಭಾರಿ ಕೂರುವುದು ಮೇಲಿನ ಅಂತಸ್ತಿನಲ್ಲಿ. ನಾನು ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯ ಹಿಂದೆ ಕೂತು, ಪಾಸ್‌ಪೋರ್ಟ್ ಕಳಕೊಂಡವರು, ಪಗಾರ ಸಿಗದವರು, ಹೆಣ ಊರಿಗೆ ಕಳಿಸಬೇಕಾದವರು ಹೇಳುವುದನ್ನು ಕೇಳುತ್ತಿದ್ದವನು. ಕೊನೆಗೆ ಯಾವ ಹುದ್ದೆಯಲ್ಲಿ ನಿವೃತ್ತನಾದೆ, ಯಾವ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ನಾನೇ ಪೂರ್ತಿ ಓದಿಲ್ಲ, ನಿದ್ದೆ ಬರುತ್ತದೆ.

ಆದರೆ ಕೆಲಸ ನಿಜವಾಗಿ ಹೇಗಿತ್ತು ಅನ್ನುವುದು ಆ ಪುಸ್ತಕದಲ್ಲಿಲ್ಲ. ಹುಡುಗಿ ಎರಡು ತಾಸು ಕೂತರೂ ಹೇಳಿ ಮುಗಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಪೂರ್ವ ಬಂಗಾಲದಲ್ಲಿ, ಒಂದು ನದಿಯ ದಂಡೆಯ ಮೇಲೆ. ನಾನು ಐದು ವರ್ಷದವನಿದ್ದಾಗ ಒಂದು ಮುಂಜಾನೆ ನಮ್ಮ ಓಣಿ ಪೂರ್ತಿ ಗಡಿಯ ಕಡೆ ನಡೆಯಿತು. ಗಡಿ ದಾಟಿ ಲಾರಿ, ಲಾರಿಯಿಂದ ಶಿಬಿರ, ಶಿಬಿರದಿಂದ ರೈಲು, ರೈಲಿನಿಂದ ಮತ್ತೊಂದು ಶಿಬಿರ. ಕೊನೆಯ ಶಿಬಿರ ನಮ್ಮ ರಾಯಚೂರು ಸೀಮೆಯಲ್ಲಿತ್ತು. ಅವ್ವ ಅಲ್ಲೇ ಜ್ವರದಲ್ಲಿ ತೀರಿಕೊಂಡಳು. ಅಪ್ಪ ತಲೆತಲಾಂತರದಿಂದ ದೋಣಿ ನಡೆಸುವವನು. ಅವನ ಪಾಲಿಗೆ ಎರೆಹೊಲ ಬಂತು. ದೋಣಿಯವನಿಗೆ ಎರೆಹೊಲ ಹಂಚಿದ ಜಾಣ ಯಾರೋ ಗೊತ್ತಿಲ್ಲ. ಮುಂದೆ ನನ್ನ ನೌಕರಿಯಲ್ಲಿ ಅಂಥ ಜಾಣರನ್ನು ಭಾಳ ಮಂದಿಯನ್ನು ನೋಡಿದೆ, ಹೀಗಾಗಿ ಸಿಟ್ಟು ಹೋಗಿದೆ.

ಶಹಾಬಾದದ ಹತ್ತಿರ ಕಾಗಿಣಾ ಹೊಳೆ ಇದೆ ಅಂತ ಯಾರೋ ಅಪ್ಪನಿಗೆ ಹೇಳಿದರು. ಹೊಳೆ ಎಂಬ ಒಂದೇ ಶಬ್ದ ಹಿಡಕೊಂಡು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಬಂದದ್ದು ಕಡು ಬೇಸಿಗೆಯಲ್ಲಿ. ಹೊಳೆಯಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಸರಿ, ಕಲ್ಲೇ ಇರಲಿ ಅಂತ ಖಣಿಯಲ್ಲಿ ಕೆಲಸಕ್ಕೆ ನಿಂತ.

ಶಹಾಬಾದದ ಕಲ್ಲಿಗೆ ನಮ್ಮಲ್ಲಿ ಫರ್ಸಿ ಅನ್ನುತ್ತಾರೆ. ನೆಲಕ್ಕೂ ಅದೇ, ಗೋಡೆಗೂ ಅದೇ, ಬಡವರ ಮನೆಯಲ್ಲಿ ಛತ್ತಿಗೂ ಅದೇ. ಭೂಮಿಯೊಳಗಿಂದ ಹಪ್ಪಳದ ಹಾಗೆ ಪದರು ಪದರಾಗಿ ಎಬ್ಬಿಸುತ್ತಾರೆ. ಎಬ್ಬಿಸಿದ ಮೇಲೆ ಸಣ್ಣ ಸುತ್ತಿಗೆಯಿಂದ ಬಡಿದು ಕೇಳಬೇಕು. ಗಟ್ಟಿ ಕಲ್ಲು ಖಣ್ ಅನ್ನುತ್ತದೆ. ಒಳಗೆ ಸೀಳಿದ್ದರೆ ದಬ್ ಅನ್ನುತ್ತದೆ, ಕಣ್ಣಿಗೆ ಎಷ್ಟು ಚೆಂದ ಕಂಡರೂ. "ಕಲ್ಲಿಗಿ ಕೇಳು, ಮಾಲಕಗ ಕೇಳಬ್ಯಾಡ," ಅಂತ ಅಪ್ಪ ತನ್ನ ಹರಕು ಕನ್ನಡದಲ್ಲಿ ಹೇಳುತ್ತಿದ್ದ. ನಾನು ಏಳನೇ ಕ್ಲಾಸಿನಿಂದ ಆರು ವರ್ಷ, ಸಾಲಿಗೆ ರಜೆ ಇದ್ದಾಗೆಲ್ಲ, ಅವನ ಜೊತೆ ಕಲ್ಲು ಬಡಿದೆ.

ಅಪ್ಪ ವೈಷ್ಣವ, ಕೊರಳಲ್ಲಿ ತುಳಸಿ ಮಣಿ. ಖಣಿಯವರು ದಾಸಪ್ಪ ಅಂತ ಹೆಸರಿಟ್ಟರು. ಅವನ ನಿಜವಾದ ಹೆಸರು ಅವರ ಬಾಯಲ್ಲಿ ತಿರುಗುತ್ತಿರಲಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದ ಮೊದಲ ದಿನ ಅಪ್ಪ ಗಾಳ ಹಾಕಿ ಮೀನು ಹಿಡಿದು ಬರುವಾಗ, ದಾರಿಯಲ್ಲಿ ಗುಡಿಯ ಆಚಾರ್ಯರು ಎದುರಾದರು.

"ಏನೋ ದಾಸಪ್ಪ, ಕೊರಳಾಗ ತುಳಸಿ, ಕೈಯಾಗ ಮೀನ?"

"ಆಚಾರ್ರ, ಇದು ನೀರಿನ ಕಾಯಿಪಲ್ಯ. ನಿಮ್ದು ಹೊಲದಾಗ ಬೆಳೀತದ, ನಮ್ದು ಹೊಳ್ಯಾಗ."

ಊರು ವರ್ಷಗಟ್ಟಲೆ ಇದನ್ನು ಹೇಳಿ ಹೇಳಿ ನಕ್ಕಿತು. ಆಚಾರ್ಯರೂ ನಕ್ಕರು, ಆದರೆ ಒಂದು ಮಾರು ದೂರ ನಿಂತು.

ನನ್ನ ಸಾಲಿಯ ದಾಖಲೆಯಲ್ಲಿ ಹೆಸರಿನ ಮುಂದೆ "ನಿರಾಶ್ರಿತ" ಅಂತ ಬರೆದಿದ್ದರು. ಅದು ನಮ್ಮ ಅಡ್ಡಹೆಸರು ಅಂತಲೇ ಭಾಳ ದಿನ ತಿಳಿದಿದ್ದೆ. ಒಮ್ಮೆ ಹೆಡ್‌ಮಾಸ್ತರಿಗೆ ಕೇಳಿದೆ: "ಸರ, ನಿರಾಶ್ರಿತ ಅಂದ್ರ ಏನ್ರಿ?"

"ತಲಿ ಮ್ಯಾಲ ಸೂರು ಇಲ್ದವ."

"ನಮಗ ಸೂರು ಅದರೀ ಸರ. ಫರ್ಸಿದು. ಸಾಲಿಗಿ ತಗಡದ್ದದ, ಮಳಿ ಬಂದ್ರ ಸೋರ್ತದ."

ಅವರು ಮೇಲೆ ತಗಡು ನೋಡಿದರು, ಕೆಳಗೆ ನನ್ನನ್ನು ನೋಡಿದರು. "ಬರೆದದ್ದು ಅಳಿಸಾಕ ಬರೂದಿಲ್ಲಪ್ಪ," ಅಂದರು. ಸರ್ಕಾರಿ ಕೆಲಸದ ಮೊದಲ ಪಾಠ ನನಗೆ ಅಲ್ಲೇ ಆಯಿತು.

ಕಲಬುರಗಿಯಲ್ಲಿ ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಸಹಿ ಮಾಡಲು ಬಂದವನೇ ನಾನು ಮೊದಲು. ಡಿಗ್ರಿ ಅಂತೂ ದೂರದ ಮಾತು. ಸರ್ಟಿಫಿಕೇಟು ತೋರಿಸಿದಾಗ ಅಪ್ಪ ಅದನ್ನು ಬೆಳಕಿಗೆ ಹಿಡಿದು, ಬೆರಳ ಗಂಟಿನಿಂದ ಎರಡು ಸಲ ಬಡಿದು ನೋಡಿದ. ಕಾಗದ ಏನು ಸಪ್ಪಳ ಮಾಡೀತು? "ಗಟ್ಟಿ ಅದ," ಅಂದ. ನನ್ನ ಜೀವನದಲ್ಲಿ ಆಮೇಲೆ ಬಂದ ಯಾವ ಪ್ರಶಸ್ತಿ ಪತ್ರಕ್ಕೂ ಅಂಥ ತಪಾಸಣೆ ಆಗಿಲ್ಲ.

ಮೊದಲು ಹಿಡಿದದ್ದು ಪತ್ರಿಕೆ ಕೆಲಸ. ಒಂದು ಸಣ್ಣ ಜಿಲ್ಲಾ ಪತ್ರಿಕೆ, ಈಗ ಇಲ್ಲ. ಸೇಡಂನಲ್ಲಿ ಒಂದು ಕೋಣೆ ಹಿಡಿದು ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದ ಎಲ್ಲ ನಾನೊಬ್ಬನೇ ನೋಡುತ್ತಿದ್ದೆ. ಸುದ್ದಿ ಬರೆದು ಲಕೋಟೆಗೆ ಹಾಕಿ ಕಲಬುರಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅಲ್ಲಿ ಪತ್ರಿಕೆಯವರು ಬಂದು ಇಸಿದುಕೊಳ್ಳುವುದು. ಬಸ್ಸು ಕೆಟ್ಟರೆ ಆ ದಿನ ನಮ್ಮ ತಾಲೂಕಿನಲ್ಲಿ ಏನೂ ನಡೆದಿಲ್ಲ ಅಂತ ಅರ್ಥ. ಈಗಿನ ಹುಡುಗರು ಘಟನೆ ನಡೆಯುವ ಮೊದಲೇ ಮೊಬೈಲಿನಲ್ಲಿ ಕಳಿಸುತ್ತಾರೆ. ತಪ್ಪು ಮಾಡಲು ನಮಗೆ ಒಂದು ಹಗಲು ಬೇಕಾಗುತ್ತಿತ್ತು, ಅವರಿಗೆ ಒಂದು ಬೆರಳು ಸಾಕು.

ನನ್ನ ದೊಡ್ಡ ತಪ್ಪು ಕಾಳಗಿಯಲ್ಲಿ ನಡೆಯಿತು. ಒಬ್ಬ ಹಿರಿಯ ಗೌಡರನ್ನು ಕೆರೆಯ ವಿಷಯ ಕೇಳಲು ಹೋಗಿದ್ದೆ. ಬಾಗಿಲಲ್ಲಿ ಅವರ ಮುದಿ ಆಳು ಕೂತಿದ್ದ. ಕಣ್ಣು ಕೆಂಡದ ಹಾಗೆ ಕೆಂಪಗೆ, ನೀರು ಸುರಿಯುತ್ತಿತ್ತು.

"ಗೌಡ್ರು ಅದಾರೇನ್ರಿ?"

"ಇಲ್ಲಪ್ಪ. ಗೌಡ್ರು ಹೋದ್ರು. ಬೆಳಿಗ್ಗಿನೇ ಹೋದ್ರು."

ನಾನು ಟೊಪ್ಪಿಗೆ ತೆಗೆದು, ತಲೆ ಬಗ್ಗಿಸಿ, ಮೊದಲ ಬಸ್ಸಿಗೆ ಸುದ್ದಿ ಕಳಿಸಿದೆ: ಕೊಡುಗೈ ದಾನಿ, ಬಡವರ ಬಂಧು, ಇನ್ನಿಲ್ಲ. ಮರುದಿನ ಮಧ್ಯಾಹ್ನ ಗೌಡರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಪತ್ರಿಕೆ.

"ಏನಪಾ ಬಂಗಾಲಿ, ನಾ ಎಲ್ಲಿಗಿ ಹೋಗಿದ್ದೆ?"

"ನಿಮ್ಮ ಆಳು ಅಳ್ಳಾಕತ್ತಿದ್ದ್ರಿ..."

"ಅವಗ ಕಣ್ಣಬ್ಯಾನಿ ಬಂದದ. ನಾ ಹೋಗಿದ್ದು ಸೊಲ್ಲಾಪುರಕ್ಕ. ನೀ ಮ್ಯಾಲ ಕಳಿಸಿಬಿಟ್ಟಿ. ಹೋದ್ರು ಅಂದ್ರ ಎಲ್ಲಿಗಿ ಅಂತ ಕೇಳಾಕ ನಿನಗ ಬಾಯಿ ಇದ್ದಿದ್ದಿಲ್ಲೇನು?"

"ತಪ್ಪಾತ್ರಿ. ನಾಳೆ ತಿದ್ದುಪಡಿ ಹಾಕ್ತೀನಿ."

ಗೌಡರು ಪತ್ರಿಕೆ ಮತ್ತೊಮ್ಮೆ ಓದಿದರು. "ಹಾಕು. ಆದ್ರ ಈ ದಾನಿ, ಬಡವರ ಬಂಧು ಅಂತ ಬರದೀಯಲ್ಲ, ಅದಕ್ಕ ಕೈ ಹಚ್ಚಬ್ಯಾಡ. ಸತ್ತಾನ ಅನ್ನೂದು ಒಂದೇ ತಿದ್ದು."

ಅಂದಿನಿಂದ ನನ್ನದೊಂದು ನಿಯಮ. ಯಾರಾದರೂ "ಹೋದರು" ಅಂದರೆ, ಎದುರಿಗೆ ಹೆಣವೇ ಇದ್ದರೂ ಸರಿ, "ಎಲ್ಲಿಗೆ" ಅಂತ ಕೇಳುವುದು. ಕೇಳಿದ್ದಕ್ಕೆ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಆದರೆ ಬದುಕಿದವರನ್ನು ಮತ್ತೆ ಕೊಂದಿಲ್ಲ.

ಪತ್ರಿಕೆಯ ಪಗಾರದಲ್ಲಿ ಒಬ್ಬನ ಹೊಟ್ಟೆ ತುಂಬುತ್ತಿತ್ತು, ಅದೂ ಒಂದು ಹೊತ್ತು. ಕೇಂದ್ರದ ಪರೀಕ್ಷೆ ಬರೆದೆ, ಪಾಸಾದೆ, ದಿಲ್ಲಿಗೆ ಹೋದೆ. ಅಲ್ಲಿ ಒಂದು ಫಾರಂ ಕೊಟ್ಟರು, ಇಂಗ್ಲಿಷಿನದು. ಒಂದು ಕಾಲಂನಲ್ಲಿ "ಬೇರೆ ಏನು ಬಲ್ಲಿರಿ, ಎಷ್ಟು ವರ್ಷ" ಅಂತಿತ್ತು. ಸುಳ್ಳು ಬರೆಯಬಾರದು, ಖಾಲಿಯೂ ಬಿಡಬಾರದು. ಬಲ್ಲದ್ದನ್ನೇ ಬರೆದೆ: ಫರ್ಸಿ, ಆರು ವರ್ಷ.

ಇಂಗ್ಲಿಷಿನ ಐದು ಅಕ್ಷರದಲ್ಲಿ ನಮ್ಮ ಫರ್ಸಿ ಕಲ್ಲಿಗೂ ಪರ್ಷಿಯನ್ನರ ಫಾರ್ಸಿ ಭಾಷೆಗೂ ಎಳ್ಳಷ್ಟೂ ಫರಕಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಶಹಾಬಾದದಿಂದ ಬಂದ ಯಾರಿಗೂ ಹೊಳೆಯುತ್ತಿರಲಿಲ್ಲ.

ದಿಲ್ಲಿಗೆ ಹೋದ ಮೊದಲ ವರ್ಷವೇ ಅಪ್ಪ ತೀರಿಕೊಂಡ. ತಂತಿ ಸುತ್ತಿ ಬಳಸಿ ನನ್ನ ಕೈ ಸೇರುವ ಹೊತ್ತಿಗೆ ಎರಡು ದಿನ, ರೈಲಿಗೆ ಎರಡು ದಿನ. ಐದನೆಯ ದಿನ ಶಹಾಬಾದದಲ್ಲಿ ಇಳಿದೆ. ನಮ್ಮ ಪಂಥದಲ್ಲಿ ಕೆಲವರನ್ನು ಮಣ್ಣು ಮಾಡುತ್ತಾರೆ. ಖಣಿಯವರಿಗೆ ಅದು ಹೇಗೋ ಗೊತ್ತಿತ್ತು, ಮಣ್ಣು ಮಾಡಿ ಮುಗಿಸಿದ್ದರು. ಮೇಲೆ ಒಂದು ಫರ್ಸಿ ನೆಟ್ಟು "ದಾಸಪ್ಪ" ಅಂತ ಕೆತ್ತಿದ್ದರು, ಅದರ ಕೆಳಗೆ "ಶಹಾಬಾ". ಕೊನೆಯ "ದ" ಇರಲಿಲ್ಲ, ಆ ಮೂಲೆಯೇ ಚಕ್ಕೆ ಎದ್ದು ಹಾರಿಹೋಗಿತ್ತು. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಪತ್ರಕರ್ತನ ಸಿಟ್ಟು: ಯಾವನೋ ಅವಸರದವ, ಪ್ರೂಫು ನೋಡದೆ ಬಿಟ್ಟಿದ್ದಾನೆ. ಕೆತ್ತಿದವರು ಯಾರು ಅಂತ ಕೇಳಿದೆ. "ಒಬ್ಬ ಹುಡುಗ ಕೆತ್ಯಾನ್ರಿ, ಅವ ಮುಂಬೈಗಿ ಹೋದ," ಅಂದರು. ಆ ದಿನ ಹೆಚ್ಚಿಗೆ ಕೇಳುವ ತ್ರಾಣ ಇರಲಿಲ್ಲ.

ಮರಳಿ ಹೋದ ಮೇಲೆ ಪೋಸ್ಟಿಂಗ್ ಆದೇಶ ಬಂತು. ಫಾರ್ಸಿ ಮಾತಾಡುವ ದೇಶ. ಹೆಸರು ಹೇಳುವುದಿಲ್ಲ, ನಿವೃತ್ತಿಯಾದರೂ ಬಾಯಿ ಕಟ್ಟಿಕೊಂಡಿರುವ ರೂಢಿ ಹೋಗಿಲ್ಲ. ಅಲ್ಲಿಯ ನಮ್ಮ ಮೇಲಧಿಕಾರಿ ಕೌನ್ಸೆಲರ್ ಸಾಹೇಬರು, ಉತ್ತರದ ಕಡೆಯವರು, ಎದ್ದು ನಿಂತು ಕೈ ಕುಲುಕಿದರು.

"ಮೂರು ವರ್ಷದಿಂದ ಫಾರ್ಸಿ ಬಲ್ಲವನೊಬ್ಬನನ್ನು ಕೊಡಿ ಅಂತ ಬರೆಯುತ್ತಿದ್ದೆ. ಕೊನೆಗೂ ಕಳಿಸಿದರು. ಎಲ್ಲಿ ಕಲಿತಿರಿ?"

"ಖಣಿಯಲ್ಲಿ, ಸರ್."

"ಯಾವ ವಿದ್ಯಾಲಯ ಅದು?"

"ವಿದ್ಯಾಲಯ ಅಲ್ಲ ಸರ್. ಕಲ್ಲಿನ ಖಣಿ. ಫರ್ಸಿ ಅಂದರೆ ನೆಲಕ್ಕೆ ಹಾಸುವ ಕಲ್ಲು."

ಅವರು ನಿಧಾನವಾಗಿ ಕೂತರು. ನನ್ನನ್ನು ನೋಡಲಿಲ್ಲ, ನೆಲ ನೋಡಿದರು. ಆಮೇಲೆ ಅಂದರು: "ಈಗ ನಿಮ್ಮನ್ನು ವಾಪಸು ಕಳಿಸಿದರೆ ಇನ್ನು ಮೂರು ವರ್ಷ ಯಾರನ್ನೂ ಕೊಡುವುದಿಲ್ಲ. ಕಾಗದದ ಪ್ರಕಾರ ನಿಮಗೆ ಫಾರ್ಸಿ ಬರುತ್ತದೆ. ಕಾಗದವನ್ನು ಸುಳ್ಳು ಮಾಡಬೇಡಿ. ಕಲಿಯಿರಿ."

ಕಚೇರಿಯ ತೋಟದ ಮಾಲಿಯ ಹತ್ತಿರ ಕಲಿತೆ. ಅಷ್ಟೇನೂ ಕಷ್ಟವಾಗಲಿಲ್ಲ. ದರವಾಜಾ, ದಿವಾರ, ಪರದಾ, ಕಾಗದ, ಅರ್ಧ ಭಾಷೆ ನಮ್ಮ ಕಲಬುರಗಿ ಬಜಾರಿನಲ್ಲೇ ಇತ್ತು. ಕಷ್ಟ ಬಂದದ್ದು ಈ ಒಂದೇ ತರಹದ ಶಬ್ದಗಳಿಂದಲೇ. ನನ್ನ ಎರಡನೆಯ ತಿಂಗಳಲ್ಲಿ ನಮ್ಮ ಕಡೆಯ ಒಂದು ನಿಯೋಗ ಬಂತು. ಅಲ್ಲಿಯ ಅಧಿಕಾರಿ ಎದೆಗೆ ಕೈ ಇಟ್ಟು, ನಿಮ್ಮನ್ನು ಎಲ್ಲ ಕಡೆ ಕರೆದೊಯ್ದು ತೋರಿಸುವುದು ನನ್ನ "ತಕ್ಲೀಫ್" ಅಂದ. ನಾನು ನಮ್ಮ ಕಡೆಯ ಅರ್ಥದಲ್ಲೇ ಹೇಳಿದೆ: ತೋರಿಸುವುದು ಇವರಿಗೆ ತ್ರಾಸಂತೆ. ಅವರ ಭಾಷೆಯಲ್ಲಿ ತಕ್ಲೀಫ್ ಅಂದರೆ ಕರ್ತವ್ಯ. ನಮ್ಮ ನಿಯೋಗದವರು ಸಂಕೋಚಪಟ್ಟು, ತ್ರಾಸು ಬೇಡ ಅಂತ ಊಟ ಮಾಡಿ ಹೋಟೆಲಿಗೆ ಹೋಗಿ ಮಲಗಿದರು. ಎರಡೂ ಕಡೆಯವರು ತುಂಬಾ ಸಂತೋಷಪಟ್ಟರು. ನನ್ನಿಂದ ಆದ ದೊಡ್ಡ ರಾಜತಾಂತ್ರಿಕ ಯಶಸ್ಸು ಅದೇ.

ಇನ್ನು ಮಶಾಕನ ವಿಷಯ. ಹುಡುಗಿಗೆ ಇದನ್ನೇ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು.

ಆ ದೇಶದ ನೆರೆಯಲ್ಲಿ ಯುದ್ಧ ನಡೆದಿತ್ತು. ಅಲ್ಲಿಯ ಜನರೂ ಫಾರ್ಸಿ ಮಾತಾಡುವವರೇ. ಸಾವಿರಗಟ್ಟಲೆ ನಿರಾಶ್ರಿತರು ಗಡಿ ದಾಟಿ ಬರುತ್ತಿದ್ದರು. ಪೊಲೀಸರು ಹಿಡಿದು ಲಾರಿ ತುಂಬಿ ಹಿಂದಕ್ಕೆ ಅಟ್ಟುತ್ತಿದ್ದರು. ಒಂದು ಮುಂಜಾನೆ ಅವರು ಒಬ್ಬ ಮನುಷ್ಯನನ್ನು ನಮ್ಮ ಕಚೇರಿಗೆ ತಂದರು. ತಾನು ಇಂಡಿಯಾದವನು ಅನ್ನುತ್ತಾನೆ, ಎಲ್ಲರೂ ಹಾಗೇ ಅನ್ನುತ್ತಾರೆ, ಮಧ್ಯಾಹ್ನ ಎರಡಕ್ಕೆ ಲಾರಿ ಹೊರಡುತ್ತದೆ, ಅಷ್ಟರೊಳಗೆ ನಿಮ್ಮವನು ಅಂತ ಬರೆದು ಕೊಟ್ಟರೆ ಬಿಡುತ್ತೇವೆ ಅಂದರು. ಪೊಲೀಸರ ಕಾಗದದಲ್ಲಿ ಎರಡೇ ಸಾಲು. ಊರು: ಶಹಾಬಾದ. ಬಲ್ಲದ್ದು: ಫಾರ್ಸಿ.

ಶಹಾಬಾದ ಎಂಬ ಹೆಸರಿನ ಊರು ಆ ಸೀಮೆಯಲ್ಲಿ ಹೆಜ್ಜೆಗೊಂದು. ಫಾರ್ಸಿ ಬಲ್ಲ, ಶಹಾಬಾದದ ಮನುಷ್ಯ. ಮತ್ತೇನು ಬೇಕು? ಯುದ್ಧದ ದೇಶದವನೇ, ಹತ್ತಿಸು ಲಾರಿ. ಆದರೆ ಆ ಎರಡು ಸಾಲನ್ನು ನಾನು ಮತ್ತೊಮ್ಮೆ ಓದಿದೆ. ನನಗೆ ಈ ಪೋಸ್ಟಿಂಗ್ ಕೊಟ್ಟ ತಪ್ಪೇ ಇವನನ್ನು ಯುದ್ಧಕ್ಕೆ ಕಳಿಸುತ್ತಿತ್ತು.

ಒಳಗೆ ಬಂದ. ಮೂವತ್ತರ ಒಳಗಿನ ವಯಸ್ಸು, ಗಡ್ಡ ಬೆಳೆದಿತ್ತು, ಕಾಲಲ್ಲಿ ಬೇರೆ ಬೇರೆ ಚಪ್ಪಲಿ. ಕೌನ್ಸೆಲರ್ ಸಾಹೇಬರು ಹಿಂದಿಯಲ್ಲಿ ನಿಯಮದ ಪ್ರಶ್ನೆ ಕೇಳಿದರು: ನಿಮ್ಮ ಮುಖ್ಯಮಂತ್ರಿ ಯಾರು? ಅವನು ಹೇಳಿದ ಹೆಸರು ಎಂದೋ ಇಳಿದು ಹೋದವರದು.

"ನೋಡಿ, ತನ್ನ ಮುಖ್ಯಮಂತ್ರಿಯೇ ಗೊತ್ತಿಲ್ಲ," ಅಂದರು ಸಾಹೇಬರು.

"ಸರ್, ನನಗೂ ಗೊತ್ತಿಲ್ಲ. ಹೋದ ವಾರದ ಪೇಪರು ಇನ್ನೂ ಬಂದಿಲ್ಲ," ಅಂದೆ. ಆಮೇಲೆ ಅವನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ: "ಯಾ ಖಣ್ಯಾಗ ಕೆಲಸಕ್ಕಿದ್ದಿ?"

ಅವನು ಅಳುತ್ತಾನೆ ಅಂದುಕೊಂಡಿದ್ದೆ. ಬೈದ.

"ಏನ್ ಸಾಹೇಬ್ರ, ಕನ್ನಡ ಬರೂದಿತ್ತಂದ್ರ ಇಷ್ಟೊತ್ತು ಯಾಕ ಸುಮ್ಕ ಕುಂತಿದ್ರಿ? ನಾ ಇಲ್ಲಿ ಸಾಯಾಕತ್ತೀನಿ!"

ಹೆಸರು ಮಶಾಕ್. ನಾನು ಊರು ಬಿಟ್ಟ ಮೇಲೆ ಖಣಿಗೆ ಸೇರಿದವನು. ದುಡಿಯಲು ಅರಬರ ದೇಶಕ್ಕೆ ಹೋಗಿದ್ದ, ಅಲ್ಲಿಂದ ಯಾವನೋ ದಲ್ಲಾಳಿಯ ಮಾತು ಕೇಳಿ ದೋಣಿ ಹತ್ತಿದ. ದೋಣಿ ಒಡೆದು ಈ ದೇಶದ ದಂಡೆಗೆ ಬಂದು ಬಿದ್ದ, ಪಾಸ್‌ಪೋರ್ಟ್ ಸಮುದ್ರದ ಪಾಲು. ಪೊಲೀಸರು ಏನು ಬಲ್ಲೆ ಅಂದಾಗ ಫರ್ಸಿ ಅಂದಿದ್ದ. "ನಾ ಕಲ್ಲಿಂದು ಹೇಳಿದ್ದ್ರಿ. ಅವರು ಭಾಳ ಖುಷಿಯಾಗಿ ಬರ್ಕೊಂಡ್ರು."

ನಾನು ಸಾಹೇಬರಿಗೆ ಹೇಳಿದೆ: "ಸರ್, ಇವನು ನಮ್ಮವನೇ. ನಮ್ಮ ಕಡೆಯ ಕನ್ನಡ, ಒಂದು ಅಕ್ಷರ ಆಚೆ ಈಚೆ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ, ಸಹಿ ಮಾಡುವವರಿಗೆ ಇರುವ ಭಯ ಅವರಿಗೂ ಇತ್ತು. "ನೀವೂ ಅದೇ ಕನ್ನಡ ಮಾತಾಡುತ್ತೀರಿ. ನೀವು ಹುಟ್ಟಿದ್ದು ಎಲ್ಲಿ? ಬೇರೊಂದು ದೇಶದ ನದಿ ದಂಡೆಯಲ್ಲಿ. ಭಾಷೆ ಬಂದರೆ ಊರು ಬಂದ ಹಾಗಲ್ಲ. ಅದಕ್ಕೆ ಸಾಕ್ಷಿ ಬೇಕೇ? ನೀವೇ ಇದ್ದೀರಿ."

ಇಷ್ಟು ವರ್ಷ ಕಷ್ಟಪಟ್ಟು ಶಹಾಬಾದದವನಾದದ್ದೇ, ಶಹಾಬಾದದಲ್ಲಿ ಹುಟ್ಟಿದವನಿಗೆ ಮುಳುವಾಯಿತು. ಗಡಿಯಾರದಲ್ಲಿ ಹನ್ನೆರಡೂವರೆ. ಊರಿಗೆ ತಂತಿ ಕೊಟ್ಟು ಉತ್ತರ ತರಿಸಲು ಹದಿನೈದು ದಿನ ಬೇಕು.

ಮಶಾಕ್ ಮಾತ್ರ ಕೆಳಗೆ ಕುಳಿತು ಬೆರಳ ಗಂಟಿನಿಂದ ನೆಲ ಬಡಿದು ಕೇಳುತ್ತಿದ್ದ, ರೂಢಿ. "ಸಾಹೇಬ್ರ, ಈ ಕಲ್ಲ ಕೆಳಗ ಟೊಳ್ಳದ. ಕುರ್ಚಿ ಸರಸ್ರಿ."

ಆ ಬಡಿಯುವ ರೀತಿ ನೋಡಿ ಕೇಳಿದೆ: "ಇದು ಯಾರ ಕಡಿಂದ ಕಲ್ತಿ?"

"ಒಬ್ಬ ದಾಸಪ್ಪ ಇದ್ದರೀ. ಬಂಗಾಲಿ. ತುಳಸಿ ಮಾಲಿ ಹಾಕ್ಕೊಂಡು ಮೀನ ತಿಂತಿದ್ದ. ಕಲ್ಲಿಗಿ ಕೇಳು, ಮಾಲಕಗ ಕೇಳಬ್ಯಾಡ ಅಂತಿದ್ದ."

ನಾನು ಪೆನ್ನು ಕೆಳಗಿಟ್ಟೆ. "ಈಗ ಎಲ್ಲಿದ್ದಾನ?"

"ಹೋದ್ನಲ್ರಿ."

ನನಗೆ ಗೊತ್ತಿತ್ತು. ಆದರೂ ನಿಯಮ ನಿಯಮವೇ. "ಎಲ್ಲಿಗಿ?"

"ಎಲ್ಲಿಗಿ ಹೋಗ್ತಾನ್ರಿ? ಇಲ್ಲೇ. ನಮ್ಮ ಶಹಾಬಾದದಾಗೇ." ಆ ಪರದೇಶದ ಕೋಣೆಯಲ್ಲಿ ಕೂತು ಅವನು "ಇಲ್ಲೇ" ಅಂದ. "ಮಗ ಒಬ್ಬ ಇದ್ದನಂತ್ರಿ, ದಿಲ್ಲ್ಯಾಗ ದೊಡ್ಡ ಸಾಹೇಬ. ಮಣ್ಣಿಗಿ ಬರ್ಲಿಲ್ಲ. ನಾವೇ ನಾಕ ಮಂದಿ ಹೊತ್ತಿವಿ. ಮುಂದಿನ ಬಲಗಡಿ ಹೆಗಲ ನಂದು. ಕಲ್ಲೂ ನಾನೇ ಕೆತ್ತೀನಿ."

ನಾನು ಸುಮ್ಮನಿರು ಅಂತ ಕೈ ಮಾಡಿದೆ. ಒಂದು ಹಾಳೆ ತೆಗೆದು ನನ್ನ ಅಪ್ಪನ ಕಲ್ಲಿನ ಮೇಲೆ ಏನಿದೆಯೋ ಅದನ್ನು ಇದ್ದ ಹಾಗೇ ಬರೆದೆ, ಮಡಚಿ ಸಾಹೇಬರ ಕೈಗೆ ಕೊಟ್ಟೆ. ಈಗ ತೆಗೆಯಬೇಡಿ ಅಂದೆ. ಇನ್ನೊಂದು ಹಾಳೆಯನ್ನೂ ಪೆನ್ಸಿಲ್ಲನ್ನೂ ಮಶಾಕನ ಮುಂದಿಟ್ಟೆ.

"ಆ ಕಲ್ಲಿನ ಮ್ಯಾಲ ಏನ್ ಕೆತ್ತಿದಿ, ಹೆಂಗ್ ಕೆತ್ತಿದಿ, ಹಂಗೇ ಬರಿ."

ಅವನು ಪೆನ್ಸಿಲ್ಲನ್ನು ಕಲ್ಲು ಕೆತ್ತುವ ಚಾಣದ ಹಾಗೆ ನೆಟ್ಟಗೆ ಹಿಡಿದು, ನಾಲಿಗೆ ಕಚ್ಚಿಕೊಂಡು ಬರೆದ. ದಾಸಪ್ಪ. ಕೆಳಗೆ ಶಹಾಬಾ. ಅಲ್ಲಿಗೆ ನಿಲ್ಲಿಸಿ ತಲೆ ತಗ್ಗಿಸಿದ.

"ಇನ್ನೊಂದಕ್ಷರ ಹಾರಿ ಹೋತ್ರಿ. ಕಲ್ಲು ಒಳಗ ಸೀಳಿತ್ತು. ನಾ ಅವತ್ತ ಬಡದು ಕೇಳ್ಲಿಲ್ಲ."

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಮಡಚಿದ ಹಾಳೆ ಬಿಚ್ಚಿ, ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಚಿತ್ರ ನೋಡಿದ ಹಾಗೆ ನೋಡಿದರು. ಎರಡೂ ಒಂದೇ ಕಡೆ ನಿಂತಿದ್ದವು.

"ಯಾರ ಕಲ್ಲು ಇದು?"

"ನಮ್ಮ ಅಪ್ಪನದು, ಸರ್."

ಅವರು ಫಾರಂ ನನ್ನ ಕಡೆ ತಳ್ಳಿದರು. ಅದರಲ್ಲಿ ಒಂದು ಕಾಲಂ: ಅರ್ಜಿದಾರನು ನಿಮಗೆ ಯಾವ ಮೂಲಕ ಪರಿಚಿತ? ನಾನು ಫರ್ಸಿ ಅಂತ ಬರೆದೆ. ಸಾಹೇಬರು ಓದಿ, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಆರು ವರ್ಷ ಅಂತಲೂ ಸೇರಿಸಿ. ನಮ್ಮಲ್ಲಿ ಅದು ನಡೆಯುತ್ತದೆ."

ಎರಡು ಗಂಟೆಗೆ ಲಾರಿ ಹೋಯಿತು, ಮಶಾಕನನ್ನು ಬಿಟ್ಟು. ಉಳಿದವರು ಅದರಲ್ಲೇ ಹೋದರು. ಅವರ ಪರವಾಗಿ ಬರೆಯಲು ಯಾರ ಹತ್ತಿರವೂ ಕಲ್ಲು ಇರಲಿಲ್ಲ. ಐದು ವರ್ಷದವನಿದ್ದಾಗ ನಾನು ಕೂತದ್ದೂ ಅಂಥದೇ ಒಂದು ಲಾರಿಯಲ್ಲಿ. ಇದನ್ನೂ ಬರೆದಿಡುತ್ತೇನೆ, ಯಾಕೆಂದರೆ ಈ ನೌಕರಿಯಲ್ಲಿ ಉಳಿಸಿದವರ ಲೆಕ್ಕ ಮಾತ್ರ ಹೇಳುವ ಚಟ ಭಾಳ ಮಂದಿಗೆ ಇದೆ.

ಈಗ ಬೆರಳಚ್ಚು ಇಟ್ಟರೆ ಯಾರು ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ ಅಂತ ಹುಡುಗಿ ಮೊನ್ನೆ ಹೇಳಿದ್ದಳು. ಹೌದು. ಆದರೆ ಫರ್ಸಿ ತಿಕ್ಕಿದವರ ಬೆರಳಲ್ಲಿ ಗೆರೆ ಉಳಿದಿರುವುದಿಲ್ಲವ್ವ. ಶಹಾಬಾದದ ರೇಷನ್ ಅಂಗಡಿಯ ಮಷೀನು ಅವರನ್ನು ಇವತ್ತಿಗೂ ಯಾರು ನೀನು ಅಂತ ಕೇಳುತ್ತದೆ. ಮಷೀನು ಸುಮ್ಮನಾದಾಗ ನಿನ್ನನ್ನು ಕರೆಯುತ್ತಾರೆ. ಅದಕ್ಕೇ ನಿನಗೆ ಪಗಾರ.

ಊರಿಗೆ ಹೊರಡುವ ದಿನ ಮಶಾಕ್ ಕಚೇರಿಗೆ ಬಂದು ಕೈ ಮುಗಿದ. "ಭಾಳ ತಕ್ಲೀಫ್ ಕೊಟ್ಟೆರಿ ಸಾಹೇಬ್ರ."

"ಇವರ ಭಾಷ್ಯಾಗ ತಕ್ಲೀಫ್ ಅಂದ್ರ ಕರ್ತವ್ಯ," ಅಂದೆ. ಆಮೇಲೆ ತಡೆಯಲಾಗಲಿಲ್ಲ. "ಆ ದಾಸಪ್ಪನ ಮಗ ಮಣ್ಣಿಗಿ ಬರ್ಲಿಲ್ಲ ಅಂದಿಯಲ್ಲ. ಐದನೇ ದಿನ ಬಂದಿದ್ದ. ಕಲ್ಲ ಮ್ಯಾಲ 'ದ' ಇಲ್ಲಂತ, ಕೆತ್ತಿದವಗ ನಿಂತು ಬೈದ."

ಮಶಾಕ್ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಕಣ್ಣು ತುಂಬಿದ್ದವು, ಬಾಯಿ ಮಾತ್ರ ಸೋಲಲಿಲ್ಲ. "ಬೈಯಾಕ ಟೈಮ್ ಸಿಕ್ಕಿತ್ತಲ್ರಿ, ಅಷ್ಟ ಸಾಕು. ಅವತ್ತ ಕಲ್ಲಿಗಿ ಕೇಳೂವಷ್ಟು ಮನಸ್ಸು ನನಗ ಇದ್ದಿದ್ದಿಲ್ಲ."

ಆಮೇಲೆ ನಾನು ದೇಶದಿಂದ ದೇಶಕ್ಕೆ ತಿರುಗಿದೆ. ಊರಿಗೆ ಬಂದರೂ ಎರಡು ದಿನ, ಅದೂ ಸೇಡಂ ತನಕ. ನಿವೃತ್ತಿಯಾಗಿ ಬಂದ ಮೊದಲ ವಾರ ಶಹಾಬಾದಕ್ಕೆ ಹೋಗಿ ಅಪ್ಪನ ಕಲ್ಲು ಹುಡುಕಿದೆ. ಹಳೆಯ ಕಲ್ಲೇ, ಬದಲಿಸಿರಲಿಲ್ಲ. ದಾಸಪ್ಪ. ಅದರ ಕೆಳಗೆ ಶಹಾಬಾ. ಅದರ ಕೆಳಗೆ, ಹೊಸ ಸಾಲಿನಲ್ಲಿ, ಒಂಟಿಯಾಗಿ ಒಂದು "ದ", ಉಳಿದೆಲ್ಲ ಅಕ್ಷರಗಳಿಗಿಂತ ಆಳವಾಗಿ. ತಿದ್ದುಪಡಿ. ನಾನು ಬೆರಳ ಗಂಟಿನಿಂದ ಬಡಿದು ಕೇಳಿದೆ.

ಕೇಳುತ್ತ ಕೇಳುತ್ತ ಮಶಾಕನ ಮನೆ ಸಿಕ್ಕಿತು. ಬಾಗಿಲಲ್ಲಿ ಅವನ ಮಗಳು ಇದ್ದಳು.

"ಮಶಾಕ್ ಅದಾನೇನವ್ವ?"

"ಅಪ್ಪ ಹೋದ್ರಿ," ಅಂದಳು.

ಟೊಪ್ಪಿಗೆ ತೆಗೆಯಲು ಕೈ ಎತ್ತಿದೆ. ಆದರೂ ನಿಯಮ ನಿಯಮವೇ. "ಎಲ್ಲಿಗಿ?"

"ವಾಡಿಗ್ರಿ, ಮೀನ ತರಾಕ. ಈಗ ಬರ್ತಾರ. ಬರ್ರಿ, ಕುಂದ್ರಿ." ಒಳಗಿಂದ ಕುರ್ಚಿ ತರಲು ಓಡಿದಳು.

ಅವಳು ಬರುವ ಹೊತ್ತಿಗೆ ನಾನು ಬಾಗಿಲ ಹತ್ತಿರ, ಫರ್ಸಿ ಮೇಲೆ ಕೂತಾಗಿತ್ತು.